ಖಾಲಿ ಬಿಟ್ಟ ನಾಲ್ಕು ಬಾರ್

ಆ ಸಂಜೆ ಡ್ರಮ್ಮರ್ ಬರಲಿಲ್ಲ. ಕಥೆ ಶುರುವಾಗುವುದೇ ಅಲ್ಲಿಂದ.

ಬಾಸ್ಟನ್ನಿನ ಡಿಸೆಂಬರ್ ಅದು. ಮಧ್ಯಾಹ್ನದಿಂದಲೇ ಹಿಮ ಬೀಳುತ್ತಿತ್ತು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಜಾಝ್ ವಿದ್ಯಾರ್ಥಿಗಳ ಪುಟ್ಟ ತಂಡಗಳು ಒಂದರ ಹಿಂದೊಂದು ವೇದಿಕೆ ಹತ್ತುತ್ತವೆ. ಕಾಂಬೊ ಅನ್ನುತ್ತಾರೆ ಅವಕ್ಕೆ. ನಾಲ್ಕೈದು ಹುಡುಗ ಹುಡುಗಿಯರು, ಅವರಿಗೊಬ್ಬರು ಮೇಷ್ಟ್ರು. ವಾರವಾರ ಕೂತು ಅಭ್ಯಾಸ ಮಾಡಿದ್ದನ್ನು ಕೊನೆಗೆ ಜನರ ಮುಂದೆ ನುಡಿಸಬೇಕು. ಟಿಕೆಟ್ ಇರಲಿಲ್ಲ, ಯಾರು ಬೇಕಾದರೂ ಬಂದು ಕೂರಬಹುದಿತ್ತು. ನನ್ನ ಅಕ್ಕನ ಮಗಳು ಅಂಥದೊಂದು ಕಾಂಬೊದಲ್ಲಿ ಡಬಲ್ ಬೇಸ್ ನುಡಿಸುತ್ತಿದ್ದಳು. ಬೆಂಗಳೂರಿನಲ್ಲಿ ಚಿಕ್ಕಂದಿನಿಂದ ಮೃದಂಗ ಕಲಿತವಳು, ಅಲ್ಲಿಗೆ ಹೋಗಿ ತನಗಿಂತ ಎತ್ತರದ ಆ ವಾದ್ಯವನ್ನು ಅಪ್ಪಿಕೊಂಡಳು. ಅಕ್ಕ ಬೆಳಿಗ್ಗೆಯಿಂದ ಫೋನಿನಲ್ಲಿ ಒಂದೇ ಸಮ: "ಅಷ್ಟು ದೊಡ್ಡದನ್ನ ಹೊತ್ಕೊಂಡು ಆ ಹಿಮದಲ್ಲಿ ಹೇಗೆ ನಡೀತಾಳೋ, ನೀನು ಜೊತೇಗಿರು."

ಜೊತೆಗಿದ್ದೆ. ಗೇನ್ಸ್‌ಬರೋ ಸ್ಟ್ರೀಟಿನ ಮೂಲೆಯಲ್ಲಿರುವ ಜೋರ್ಡನ್ ಹಾಲ್ ಕಟ್ಟಡಕ್ಕೆ ಇಬ್ಬರೂ ಸೇರಿ ಆ ವಾದ್ಯವನ್ನು ಸಾಗಿಸಿದೆವು. ಜೋರ್ಡನ್ ಹಾಲ್ 1903ರದು. ಒಳಗೆಲ್ಲ ಮರ, ಸುಮಾರು ಸಾವಿರ ಜನ ಹಿಡಿಸುವ ಸಭಾಂಗಣ. ಮಕ್ಕಳ ಕಾಂಬೊಗಳಿಗೆ ಅದೇ ಕಟ್ಟಡದಲ್ಲಿರುವ ಬ್ರೌನ್ ಹಾಲ್. ಚಿಕ್ಕದು. ಪಿಯಾನೊದವನ ಉಸಿರು ಮುಂದಿನ ಸಾಲಿಗೆ ಕೇಳುವಷ್ಟು ಹತ್ತಿರ.

ಇವರದು ಐದು ಜನರ ತಂಡ: ಟೆನರ್ ಸ್ಯಾಕ್ಸೊಫೋನ್, ಗಿಟಾರ್, ಪಿಯಾನೊ, ಬೇಸ್, ಡ್ರಮ್ಸ್. ಡ್ರಮ್ಮರ್ ಹುಡುಗ ಊರಾಚೆಯಿಂದ ಬರಬೇಕು, ರೈಲು ಹಿಮಕ್ಕೆ ಸಿಕ್ಕಿ ನಿಂತಿದೆ ಎಂದು ಮೆಸೇಜು ಬಂತು. ಅವರ ಸರದಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಹಿಂದಿನ ತಂಡಗಳು ಬಳಸಿದ ಡ್ರಮ್ ಸೆಟ್ಟು ವೇದಿಕೆಯ ಮೇಲೆ ಹಾಗೇ ಇತ್ತು. ತಂಡದ ಮೇಷ್ಟ್ರು, ಆ ಪುಣ್ಯಾತ್ಮ, ಸ್ವತಃ ಡ್ರಮ್ಮರ್! ಜೀವಮಾನವಿಡೀ ನುಡಿಸಿ ಬಂದ ಕೈ. ಗಿಟಾರ್ ಹುಡುಗ ಓಡಿ ಹೋಗಿ ಕೇಳಿದ, "ನೀವೇ ಕೂತ್ಕೋತೀರಾ?"

"ಇಲ್ಲ," ಅಂದರು ಅವರು. "ಕಛೇರಿ ನಿಮ್ಮದು. ನಾಲ್ಕು ಜನ ಇದ್ದೀರಲ್ಲ, ನುಡಿಸಿ."

ಹಾಗಂದು ಬಂದು ನನ್ನ ಮುಂದಿನ ಸಾಲಿನಲ್ಲಿ ಕೂತರು.

ನನಗೆ ಆಗ ಸಿಟ್ಟು ಬಂತು. ಮಕ್ಕಳು ಒದ್ದಾಡುತ್ತಿರುವಾಗ, ಕೈಯಲ್ಲಿ ಅಷ್ಟು ವಿದ್ಯೆಯಿದ್ದೂ ಸುಮ್ಮನೆ ಕೂರುವುದೆಂದರೇನು? ನಮ್ಮಲ್ಲಿ ಶಿಷ್ಯ ತಡವರಿಸಿದರೆ ಪಕ್ಕದಲ್ಲಿರುವ ಗುರು ಮೆಲ್ಲಗೆ ಸ್ವರ ಎತ್ತಿ ಕೊಡುತ್ತಾರೆ. ಅದನ್ನೇ ನೋಡಿ ಬೆಳೆದವನು ನಾನು.

ಈ ಮೇಷ್ಟ್ರ ಬಗ್ಗೆ ಒಂದಿಷ್ಟು ಹೇಳಬೇಕು. ಮೊದಲ ತರಗತಿಯಲ್ಲಿ ನಮ್ಮ ಹುಡುಗಿ ಬೆಂಗಳೂರಿನವಳೆಂದು ತಿಳಿದೊಡನೆ ಅವರು ಕೇಳಿದ್ದು ಚಾರ್ಲಿ ಮರಿಯಾನೊ ಬಗ್ಗೆಯಂತೆ. ಮರಿಯಾನೊ ಬಾಸ್ಟನ್ನಿನಲ್ಲೇ ಹುಟ್ಟಿದ ಸ್ಯಾಕ್ಸೊಫೋನ್ ವಾದಕ, ಅದೇ ಊರಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದವರು. ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಮೊದಲಾದವರ ಜೊತೆ ಅವರು ಮಾಡಿದ 'ಜ್ಯೋತಿ' ಎಂಬ ರೆಕಾರ್ಡು 1983ರಲ್ಲಿ ಬಂತು. ಮೇಷ್ಟ್ರು ಅದನ್ನು ಚೆನ್ನಾಗಿ ಬಲ್ಲವರು. ಹಾಗಾಗಿ ನಮ್ಮ ಹುಡುಗಿಯಿಂದ ಕೊನ್ನಕೋಲು ಹೇಳಿಸಿದರು, ಉಳಿದ ನಾಲ್ವರಿಂದಲೂ ಹೇಳಿಸಿದರು. ಸ್ಯಾಕ್ಸೊಫೋನಿನವನು "ತಕಧಿಮಿ ತಕಜೊಣು" ಹೇಳುತ್ತ ಕಾರಿಡಾರಿನಲ್ಲಿ ಓಡಾಡುತ್ತಿದ್ದನಂತೆ.

ಅಕ್ಟೋಬರ್ ತಿಂಗಳಿಡೀ ಅವರು ಮಾಡಿಸಿದ ಒಂದು ಅಭ್ಯಾಸವಿತ್ತು. ಹಾಡಿನ ನಡುವೆ ತಟಕ್ಕನೆ ಕೈ ಎತ್ತುವರು. ಎಲ್ಲರೂ ನಿಲ್ಲಿಸಬೇಕು. ನಾಲ್ಕು ಬಾರ್ ಕಾಲ ಯಾರೂ ಸದ್ದು ಮಾಡಕೂಡದು, ಐದನೆಯ ಬಾರಿನ ಮೊದಲ ಏಟಿಗೆ ಎಲ್ಲರೂ ಒಟ್ಟಿಗೆ ಬರಬೇಕು. ಒಂದು ಬಾರ್ ಎಂದರೆ ನಾಲ್ಕು ಏಟು, ನಾಲ್ಕು ಬಾರ್ ಎಂದರೆ ಹದಿನಾರು. ಮೊದಮೊದಲು ಪಿಯಾನೊ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ಬಂದು ಬೀಳುತ್ತಿತ್ತು. ಸದ್ದಿಲ್ಲದಾಗ ಕಾಲ ಎಳೆದಂತೆ ಅನಿಸಿ ಮನಸ್ಸು ಮುಂದೆ ಓಡುತ್ತದೆ, ಕೈಯೂ ಓಡುತ್ತದೆ. "ನೀವು ಎಣಿಸ್ತಾ ಇದ್ದೀರಿ, ಅದಕ್ಕೇ ತಪ್ತಿದೆ," ಅಂದರಂತೆ ಮೇಷ್ಟ್ರು. "ಎಣಿಸಬೇಡಿ. ಆ ಹೊತ್ತಿಗೆ ಡ್ರಮ್ಮರ್ ಏನು ನುಡಿಸ್ತಿದ್ದ ಅಂತ ಒಳಗೇ ಕೇಳಿಸ್ಕೊಳ್ಳಿ."

ಜಾಝನ್ನು ಶಾಲೆಯಲ್ಲಿ ಕಲಿಸಲು ಬರುತ್ತದೆಯೇ ಎಂಬ ಜಗಳ ಹಳೆಯದು. ಆ ಸಂಗೀತ ಬೆಳೆದದ್ದು ಕ್ಲಬ್ಬುಗಳಲ್ಲಿ, ನಡುರಾತ್ರಿಯ ಜ್ಯಾಮ್‌ಗಳಲ್ಲಿ, ಕಪ್ಪು ಜನರ ಬೀದಿಗಳಲ್ಲಿ. ಈ ಕನ್ಸರ್ವೇಟರಿ 1867ರಲ್ಲಿ ಶುರುವಾದದ್ದು, ನೂರು ವರ್ಷ ಅಲ್ಲಿ ಜಾಝಿಗೆ ವಿಭಾಗವಿರಲಿಲ್ಲ. ಗುಂಥರ್ ಶುಲ್ಲರ್ ಅಧ್ಯಕ್ಷರಾಗಿ ಬಂದರು, 1969ರಲ್ಲಿ ಜಾಝ್ ವಿಭಾಗ ತೆರೆದರು. ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾರ್ನ್ ಊದಿದವರು, ಮೈಲ್ಸ್ ಡೇವಿಸ್ ಜೊತೆಗೂ ಊದಿದವರು, ತಾವೇ ಶಾಲೆ ಮುಗಿಸದೆ ಬಿಟ್ಟವರು. ಅವರು ಪಾಠಕ್ಕೆ ಕರೆದದ್ದು ಜಾರ್ಜ್ ರಸೆಲ್, ಜಾಕಿ ಬಯಾರ್ಡ್ ಅಂಥವರನ್ನು. ಜಾಝಿನೊಳಗೇ ಬಾಳಿದವರನ್ನು. ಅಲ್ಲೇ ಕಲಿಸಿದ ರ‍್ಯಾನ್ ಬ್ಲೇಕ್ ಅಂತೂ ಕಾಗದ ಬದಿಗಿಡಿ, ರೆಕಾರ್ಡನ್ನು ಮತ್ತೆ ಮತ್ತೆ ಕೇಳಿ ಕಿವಿಯಲ್ಲೇ ಕಲಿಯಿರಿ ಎನ್ನುವ ಪಂಥದವರು. ಈ ಜಗಳದಲ್ಲಿ ನಾನು ಶಾಲೆಯ ಪರ. ಆದರೆ ಇಂಥ ಮೇಷ್ಟ್ರಿದ್ದರೆ ಮಾತ್ರ.

ಸರಿ, ನಾಲ್ವರೂ ವೇದಿಕೆಗೆ ಬಂದರು.

ಮೊದಲನೆಯದು ಡ್ಯೂಕ್ ಎಲಿಂಗ್ಟನ್‌ರ 'ಇನ್ ಎ ಸೆಂಟಿಮೆಂಟಲ್ ಮೂಡ್'. ವಿಳಂಬದ ರಚನೆ, ಡ್ರಮ್ ಇಲ್ಲದೆಯೂ ಸಾಗಿತು. ಎರಡನೆಯದು 'ಆಲ್ ದ ಥಿಂಗ್ಸ್ ಯು ಆರ್'. ಜೆರೋಮ್ ಕರ್ನ್ 1939ರಲ್ಲಿ ಒಂದು ಸಂಗೀತ ನಾಟಕಕ್ಕಾಗಿ ರಚಿಸಿದ್ದು, ಜಾಝಿನವರು ಅದನ್ನು ತಮ್ಮದಾಗಿಸಿಕೊಂಡು ಬಹಳ ಕಾಲವಾಯಿತು. ಸಾಮಾನ್ಯವಾಗಿ ಇಂಥ ಹಾಡಿನ ಒಂದು ಸುತ್ತಿಗೆ 32 ಬಾರ್, ಇದಕ್ಕೆ 36. ಆ ಸುತ್ತನ್ನು ಕೋರಸ್ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ 18 ಆವರ್ತ ಆದಿತಾಳ. ಕೊನೆಯಲ್ಲಿ ಹೆಚ್ಚಾಗಿರುವ ಆ ನಾಲ್ಕು ಬಾರ್ ಎಂಥವರನ್ನೂ ದಾರಿ ತಪ್ಪಿಸಬಲ್ಲದು.

ಈ ಹಾಡಿನ ಕೊನೆಗೆ ಅವರು 'ಟ್ರೇಡಿಂಗ್ ಫೋರ್ಸ್' ಇಟ್ಟುಕೊಂಡಿದ್ದರು. ಒಬ್ಬರು ನಾಲ್ಕು ಬಾರ್ ನುಡಿಸಿದರೆ ಡ್ರಮ್ಮರ್ ನಾಲ್ಕು ಬಾರ್ ಉತ್ತರ ಕೊಡಬೇಕು. ನಮ್ಮ ತನಿ ಆವರ್ತನದಲ್ಲಿ ಮೃದಂಗಕ್ಕೆ ಘಟ ಉತ್ತರಿಸುವ ಹಾಗೆ. ಉತ್ತರಿಸುವವನೇ ಇಲ್ಲ! ಅದನ್ನು ಕೈಬಿಡೋಣ ಎಂದಿದ್ದನಂತೆ ಪಿಯಾನೊ ಹುಡುಗ. ನಮ್ಮವಳು ಒಪ್ಪಲಿಲ್ಲ. "ಬಿಡೋದು ಬೇಡ, ಖಾಲಿ ಇಡೋಣ" ಅಂದಳಂತೆ. ಮೇಷ್ಟ್ರಿಗೆ ಈ ತೀರ್ಮಾನ ಗೊತ್ತೇ ಇರಲಿಲ್ಲ.

ಹೆಡ್, ಅಂದರೆ ಹಾಡಿನ ಮೂಲ ಧಾಟಿ, ಮುಗಿಯಿತು, ಸೋಲೊಗಳು ಮುಗಿದವು. ಅಲ್ಲಿಯವರೆಗೆ ಇಡೀ ತಂಡದ ಲಯ ಅವಳ ಬೆರಳುಗಳ ಮೇಲೆ ನಿಂತಿತ್ತು, ಏಟಿಗೊಂದು ಸ್ವರದಂತೆ ನಡೆಯುತ್ತಲೇ ಇತ್ತು ಬೇಸ್. ಸ್ಯಾಕ್ಸೊಫೋನ್ ನಾಲ್ಕು ಬಾರ್ ನುಡಿಸಿತು. ನಿಂತಿತು. ಬೇಸೂ ನಿಂತಿತು. ಪೂರಾ ಸ್ತಬ್ಧ.

ಹಿಂದಿನ ಸಾಲಿನಿಂದ ಒಬ್ಬರು ಹಾಡು ಮುಗಿಯಿತೆಂದು ಚಪ್ಪಾಳೆ ಶುರುಮಾಡಿ ಎರಡು ಏಟಿಗೇ ನಿಲ್ಲಿಸಿದರು. ನನ್ನ ಕೈ ತಾನಾಗಿ ತೊಡೆಯ ಮೇಲೆ ಬಂದಿತ್ತು. ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ತಟ್ಟು, ವೀಚು, ತಟ್ಟು, ವೀಚು. ಎರಡು ಆವರ್ತ. ಮೂರನೆಯದರ ಸಮಕ್ಕೆ ಗಿಟಾರ್, ಪಿಯಾನೊ, ಬೇಸ್ ಒಟ್ಟಿಗೆ ಬಂದು ಇಳಿದವು. ಮೈ ಜುಮ್ಮೆಂದಿತು ನನಗೆ.

ಇಲ್ಲೊಂದು ಸೂಕ್ಷ್ಮವಿದೆ, ಬಿಡಿಸಿ ಹೇಳುತ್ತೇನೆ. 36 ಬಾರನ್ನು ನಾಲ್ಕರಂತೆ ಹಂಚಿದರೆ ಒಂಬತ್ತು ಪಾಲು. ಬೆಸ ಸಂಖ್ಯೆ. ವಾದಕರಿಗೊಂದು, ಡ್ರಮ್ಮಿಗೊಂದು ಎಂದು ಹೋದರೆ ಒಂಬತ್ತನೆಯ ಪಾಲು ಮತ್ತೆ ವಾದಕರಿಗೇ ಬರುತ್ತದೆ. ಅಂದರೆ ಎರಡನೆಯ ಕೋರಸ್ ಆರಂಭವಾಗುವ ನಾಲ್ಕು ಬಾರ್ ಡ್ರಮ್ಮಿನ ಪಾಲು, ಆ ಕೋರಸ್ ಮುಗಿಯುವ ನಾಲ್ಕೂ ಡ್ರಮ್ಮಿನದೇ. ಎರಡು ಕೋರಸ್ಸಿಗೆ ಒಟ್ಟು ಒಂಬತ್ತು ಖಾಲಿ ಜಾಗ. ಐದನೆಯ ಖಾಲಿಯಲ್ಲಿ ಹಾಡು ಒಂದು ಸುತ್ತು ಮುಗಿಸಿ ಮತ್ತೆ ತಲೆಗೆ ಬರುತ್ತದೆ, ಅದೂ ಯಾವ ಸ್ವರವೂ ಇಲ್ಲದೆ. ಅಲ್ಲಿ ಒಬ್ಬನಿಗೆ ಅನುಮಾನ ಬಂದರೂ ಸಾಕು, ಉಳಿದವರು ಒಂದೊಂದು ದಿಕ್ಕಿಗೆ.

ಆ ಐದನೆಯದು ಬಂದಾಗ ನಾನು ನೋಡಿದ್ದು ಮುಂದಿನ ಸಾಲಿನ ಮೇಷ್ಟ್ರನ್ನು. ಅವರ ಕಾಲಿನ ಬೆರಳು ಕೂಡ ಆಡುತ್ತಿರಲಿಲ್ಲ. ಮಕ್ಕಳು ಅವರ ಕಡೆ ನೋಡಿದ್ದರೆ ಒಂದು ತಲೆದೂಗಿಗೇ ತಾಳ ಸಿಕ್ಕಿಬಿಡುತ್ತಿತ್ತು. ಅದನ್ನೂ ಕೊಡದಿರಲೆಂದು ಕೈಕಟ್ಟಿ ಕಲ್ಲಿನಂತೆ ಕೂತಿದ್ದರು. ವೇದಿಕೆಯ ಮೇಲೆ ಯಾರೂ ಅವರ ಕಡೆ ನೋಡಲೂ ಇಲ್ಲ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆರೇಳು ಸೆಕೆಂಡಿನ ಹೊತ್ತು. ಪಿಯಾನೊ ಸರಿಯಾಗಿ ಐದನೆಯ ಬಾರಿಗೆ ಬಂತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಮನುಷ್ಯ ಮೂರು ತಿಂಗಳು ದುಡಿದದ್ದು ಈ ಸಂಜೆ ತಾನು ಬೇಡವಾಗಲಿ ಎಂದೇ ಎಂಬುದು ಮಾತ್ರ ಕಣ್ಣಿಗೆ ಕಂಡಿತು.

ಒಂಬತ್ತನೆಯ ಖಾಲಿ ಮುಗಿದು ಸ್ಯಾಕ್ಸೊಫೋನ್ ಮತ್ತೆ ಹೆಡ್ ಎತ್ತಿಕೊಂಡಾಗ ಸಭೆಯಲ್ಲಿ ಯಾರೋ "ಯೆಸ್!" ಎಂದು ಕೂಗಿದರು. ನಾನು "ಭೇಷ್" ಅಂದೆ, ಸ್ವಲ್ಪ ಜೋರಾಗಿಯೇ.

ಮೂರನೆಯದು ಥೆಲೋನಿಯಸ್ ಮಂಕ್‌ರ ಬ್ಲೂಸ್, 'ಸ್ಟ್ರೈಟ್, ನೋ ಚೇಸರ್'. ಅದರ ನಡುವೆ ಬಾಗಿಲು ತೆರೆದು ಡ್ರಮ್ಮರ್ ಬಂದ. ಕೋಟಿನ ಮೇಲೆಲ್ಲ ಹಿಮ. ಓಡಿ ಬಂದವನು ತಕ್ಷಣ ವೇದಿಕೆಗೆ ನುಗ್ಗಲಿಲ್ಲ, ಒಂದು ಪೂರಾ ಕೋರಸ್ ಬದಿಯಲ್ಲಿ ನಿಂತು ಕೇಳಿದ. ಆಮೇಲೆ ಮೆಲ್ಲಗೆ ಹೋಗಿ ಕೂತು ಬ್ರಷ್ ಹಿಡಿದು ಒಳಗೆ ಸೇರಿಕೊಂಡ. ನಮ್ಮವಳು ತಿರುಗಿ ನೋಡಿ ನಕ್ಕಳು.

ಕಛೇರಿಯಾದ ಮೇಲೆ ಹೊರಗಿನ ಕಾರಿಡಾರಿನಲ್ಲಿ ಐವರೂ ಮೇಷ್ಟ್ರ ಸುತ್ತ ನಿಂತಿದ್ದರು. ಶಭಾಷ್ ಅನ್ನುತ್ತಾರೆಂದು ನಾನು ಕಾದೆ. ಅವರು ನಮ್ಮ ಹುಡುಗಿಯ ಕಡೆ ನೋಡಿ, "ಖಾಲಿ ಇಡೋಣ ಅಂದಿದ್ದು ನೀನಾ?" ಎಂದು ಕೇಳಿದರು. ಅವಳು ಹೂಂ ಅಂದಳು. ಅವರು ತಲೆಯಾಡಿಸಿ ಡ್ರಮ್ಮರ್ ಕಡೆ ತಿರುಗಿದರು. ಅವನು ತಡವಾದದ್ದಕ್ಕೆ ಕ್ಷಮೆ ಕೇಳಲು ಬಾಯಿ ತೆರೆದಿದ್ದ. "ರೈಲಿನ ಮಾತು ಬಿಡು," ಅಂದರು. "ಇವರು ನಿನಗೆ ಅಂತ ಒಂಬತ್ತು ಜಾಗ ಬಿಟ್ಟಿದ್ದಾರೆ. ರೆಕಾರ್ಡಿಂಗ್ ತಗೊಂಡು ಹೋಗು. ಜನವರಿಯಲ್ಲಿ ಬಂದು, ಅಲ್ಲಿ ಏನು ನುಡಿಸ್ತೀಯ ತೋರಿಸು."

ವಾದ್ಯ ಹೊತ್ತು ವಾಪಸು ಹೋಗುವಾಗ ಅವಳಿಗೆ ಮಾತೇ ನಿಲ್ಲದು. "ಮಾಮ, ಐದನೇದ್ರಲ್ಲಿ ನನ್ನ ತಲೇಲಿ ಮೃದಂಗ ಕೇಳಿಸ್ತಿತ್ತು, ಗಿಟಾರಿನವನಿಗೆ ಇವನ ರೈಡ್ ಸಿಂಬಲ್ ಕೇಳಿಸ್ತಿತ್ತಂತೆ!" ಅಕ್ಕನಿಗೆ ಫೋನು ಮಾಡಿ ಅದನ್ನೇ ಇನ್ನೊಮ್ಮೆ ಹೇಳಿದಳು. ಅಕ್ಕ ಕೇಳಿದ್ದು ಊಟ ಆಯ್ತಾ ಅಂತ.

ಜನವರಿಯಲ್ಲಿ ಡ್ರಮ್ಮರ್ ಆ ರೆಕಾರ್ಡಿಂಗ್ ಹಾಕಿಕೊಂಡು ಒಂಬತ್ತಕ್ಕೂ ನುಡಿಸಿ ತೋರಿಸಿದನಂತೆ. ಮೊದಲ ನಾಲ್ಕಕ್ಕೆ ಮೇಷ್ಟ್ರು ಏನೂ ಅನ್ನಲಿಲ್ಲ. ಐದನೆಯದಕ್ಕೆ ಬಂದಾಗ ತಡೆದು, "ಹೊಸ ಕೋರಸ್ ಶುರುವಾಗಿದ್ದು ಇದರಲ್ಲಿ ನನಗೆ ಕೇಳಿಸ್ತಿಲ್ಲ, ಮತ್ತೆ ನುಡಿಸು" ಅಂದರಂತೆ. ಅವತ್ತಿನ ಉಳಿದ ಹೊತ್ತೆಲ್ಲ ಆ ನಾಲ್ಕೇ ಬಾರ್.