ಕಣ್ಣಿಲ್ಲದ ವ್ಯಾಪಾರಿ

ವಿಡಿಯೊ ಗೇಮ್ ಎಂಬುದು ಹುಡುಗರ ಕಾಲಹರಣವೆಂದೇ ಬಗೆದಿದ್ದ ನಾನು, ಕಳೆದ ಬೇಸಿಗೆ ರಜೆಯಲ್ಲಿ ಮಗನ ಒತ್ತಾಯಕ್ಕೆ ಮಣಿದು ‘ಅಲ್ಟಿಮಾ 4’ ಆಡಲು ಕುಳಿತೆ. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಹೊರತಂದ ಈ ಆಟದ ಉಪಶೀರ್ಷಿಕೆಯಲ್ಲಿ ನಮ್ಮ ‘ಅವತಾರ’ ಶಬ್ದವೇ ಇದೆ. ಆದರೆ ಇಲ್ಲಿ ಯಾರೂ ಮೇಲಿನಿಂದ ಇಳಿದು ಬರುವುದಿಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳನ್ನು ಸಾಧಿಸಿ ಮನುಷ್ಯನೇ ಆ ನಿಲುವಿಗೆ ಏರಬೇಕು. ಕೊನೆಯಲ್ಲಿ ಕೊಲ್ಲಬೇಕಾದ ಖಳನಾಯಕನೂ ಇಲ್ಲ.

ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವ ವ್ಯಾಪಾರಿಗೆ ಕಣ್ಣಿಲ್ಲ. ಬೆಲೆ ತಿಳಿಸಿ, ಹಣ ಎಣಿಸುವ ಕೆಲಸವನ್ನು ಕೊಳ್ಳುವವನಿಗೇ ಬಿಡಲಾಗುತ್ತದೆ. ನಾನು ಒಂದೇ ನಾಣ್ಯವಿಟ್ಟೆ. ಆಟ ತಡೆಯಲಿಲ್ಲ, ಗದರಲಿಲ್ಲ, ಮೂಲಿಕೆಗಳು ನನ್ನವಾದವು. ಜಾಣತನವೆಂದು ಹಿಗ್ಗಿ ಹಲವು ಸಲ ಹಾಗೆಯೇ ಕೊಂಡೆ. ಬಹಳ ಹೊತ್ತಿನ ಮೇಲೆ ಅರಮನೆಯ ದ್ರಷ್ಟಾರ ಹಾಕ್‌ವಿಂಡ್‌ನನ್ನು ಪ್ರಾಮಾಣಿಕತೆಯ ಕುರಿತು ಕೇಳಿದಾಗ, ಆತ ನನ್ನನ್ನು ಕಳ್ಳನೆಂದ. ಕಾಣದ ಲೆಕ್ಕವೊಂದು ಮೊದಲಿನಿಂದಲೂ ನಡೆಯುತ್ತಿತ್ತು.

ಎಷ್ಟೋ ವರ್ಷಗಳಿಂದ ‘ವಡ್ಡಾರಾಧನೆ’ಯ ಪಾಠ ಹೇಳುತ್ತ, ಮಾಡಿದ ಕರ್ಮ ಫಲ ಕೊಟ್ಟೇ ತೀರುತ್ತದೆಂದು ವಿವರಿಸಿದವನು ನಾನು. ಆ ಕಥೆಗಳ ಪಾತ್ರಗಳನ್ನು ತೂಗಿ ನೋಡುವುದು ಸುಲಭ, ತಪ್ಪು ಅವರದಾದ್ದರಿಂದ. ಇಲ್ಲಿ ನಾಣ್ಯವಿಟ್ಟ ಬೆರಳು ನನ್ನದು. ಆಟವಷ್ಟೇ ಎಂಬ ಸಮಜಾಯಿಷಿ ನನಗೇ ಒಪ್ಪಿಗೆಯಾಗಲಿಲ್ಲ. ಯಾರೂ ನೋಡುತ್ತಿಲ್ಲವೆಂಬ ಧೈರ್ಯದಿಂದಲೇ ಹಾಗೆ ಮಾಡಿದ್ದೆ.

ಮರುದಿನ ಅದೇ ಅಂಗಡಿಗೆ ಹೋಗಿ ಪೂರ್ತಿ ಬೆಲೆ ಎಣಿಸಿಟ್ಟೆ. ವ್ಯಾಪಾರಿಗೆ ವ್ಯತ್ಯಾಸ ಕಾಣಲಿಲ್ಲ.