ದೊಣ್ಣೆಗೆಂದೇ ಮಾಡಿದ ಮಡಕೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವವನ ಶ್ರಮವನ್ನು ಕೆಡಹುವವನು ಅರಿಯಲಾರನೆಂಬ ಮರುಕ ಅದರಲ್ಲಿದೆ. ಆದರೆ ಕುಂಬಾರನೇ ದೊಣ್ಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಡಕೆ ಮಾಡಿದರೆ ಏನೆನ್ನಬೇಕು? ಉಡುಪಿಯಲ್ಲಿ ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ತೂಗುಬಿಡುವ ಕುಡಿಕೆಗಳು ಅಂಥವು. ತೂಗುವಾಗಲೇ ಒಡೆದರೆ ಕಟ್ಟಿದವರಿಗೆ ಅವಮಾನ; ಹೊಡೆದಾಗಲೂ ಒಡೆಯದಿದ್ದರೆ ನೆರೆದವರಿಗೆ ನಿರಾಶೆ. ಅವು ನಿಲ್ಲುವಷ್ಟು ಗಟ್ಟಿಯಾಗಿರಬೇಕು, ಸೋಲುವಷ್ಟು ಮೆತ್ತಗಿರಬೇಕು. ಈ ಎರಡರ ನಡುವಣ ಹದ ಎಷ್ಟು ಸೂಕ್ಷ್ಮವಾದುದೆಂಬುದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಅದೂ ಉಡುಪಿಯಲ್ಲಲ್ಲ, ಅಮೆರಿಕದಲ್ಲಿ. ಮಣ್ಣಿನ ಕುಡಿಕೆಯಿಂದಲ್ಲ, ತಗಡಿನ ಆಟಿಕೆ ಕಾರಿನಿಂದ.

ನಾನು ಮೂವತ್ತೆರಡು ವರ್ಷ ಒಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ತಗಡಿನ ಕೆಲಸವನ್ನು ಕಲಿಸಿದವನು. ತಗಡು ನಗ್ಗಬಾರದು, ನಗ್ಗಿದರೆ ಅದನ್ನು ಎತ್ತಬೇಕು—ನನ್ನ ವೃತ್ತಿಧರ್ಮವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿತ್ತು. ನಿವೃತ್ತನಾದ ಬಳಿಕ ಮಗಳು ಸೇಂಟ್ ಲೂಯಿಸ್ ನಗರದಿಂದ ಕರೆದಾಗ, ಅಲ್ಲಿ ನನ್ನ ಸುತ್ತಿಗೆಗೆ ಕೆಲಸವಿರಲಾರದೆಂದು ಅದನ್ನು ಊರಿನಲ್ಲಿಯೇ ಬಿಟ್ಟು ಹೊರಟೆ. ಆದರೆ ಹನ್ನೆರಡು ವರ್ಷದ ಮೊಮ್ಮಗ ನನ್ನನ್ನು ಸುಮ್ಮನೆ ಕೂರಗೊಡಲಿಲ್ಲ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ನಾಚಿಕೆ. ನನಗೆ ಅವನ ಇಂಗ್ಲಿಷಿನ ವೇಗ ನಿಲುಕದು. ಹೀಗೆ ಒಬ್ಬರ ಮುಖವನ್ನೊಬ್ಬರು ನೋಡಿ ನಗುವುದರಲ್ಲಿಯೇ ಮೊದಲ ವಾರ ಕಳೆಯಿತು. ಎರಡನೆಯ ವಾರ ಅವನು ನನ್ನ ಮುಂದೆ ಒಂದು ತಗಡಿನ ಸುರುಳಿಯನ್ನಿಟ್ಟು, “ತಾತ, ನಂಗೆ ಕಾರು ಮಾಡಿಕೊಡ್ತೀಯಾ? ಜಜ್ಜೋಕೆ!” ಎಂದನು.

ಜಜ್ಜುವುದಕ್ಕೆ ಕಾರು! ಇದರ ಹಿನ್ನೆಲೆಯನ್ನು ವಾಚಕರಿಗೆ ಕೊಂಚ ವಿವರಿಸಬೇಕು.

ಅಮೆರಿಕದಲ್ಲಿ ‘ಮಾನ್‌ಸ್ಟರ್ ಟ್ರಕ್’ ಎಂಬ ದೈತ್ಯವಾಹನಗಳ ಪ್ರದರ್ಶನ ಬಹಳ ಜನಪ್ರಿಯ. ಅದರ ತವರು ಈ ಸೇಂಟ್ ಲೂಯಿಸ್ ಸೀಮೆಯೇ. ಇಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ಬಾಬ್ ಚಾಂಡ್ಲರ್ ಎಂಬಾತ ತನ್ನ 1974ರ ಫೋರ್ಡ್ ಪಿಕಪ್ ವಾಹನಕ್ಕೆ ದೊಡ್ಡ ದೊಡ್ಡ ಚಕ್ರಗಳನ್ನು ತೊಡಿಸುತ್ತ ಹೋಗಿ, ಅದಕ್ಕೆ ‘ಬಿಗ್‌ಫುಟ್’ ಎಂದು ಹೆಸರಿಟ್ಟನು. 1981ರಲ್ಲಿ, ಒಂದು ಹೊಲದಲ್ಲಿ ಎರಡು ಗುಜರಿ ಕಾರುಗಳನ್ನು ನಿಲ್ಲಿಸಿ, ಅವುಗಳ ಮೇಲೆ ತನ್ನ ವಾಹನವನ್ನು ಹತ್ತಿಸಿದನು. ವಿನೋದಕ್ಕೆಂದು ತೆಗೆದ ಆ ಚಿತ್ರ ಪ್ರದರ್ಶನಗಳನ್ನು ಏರ್ಪಡಿಸುವವರ ಕಣ್ಣಿಗೆ ಬಿತ್ತು. 1982ರಲ್ಲಿ ಮಿಷಿಗನ್ ಸಂಸ್ಥಾನದ ಪಾಂಟಿಯಾಕ್ ನಗರದ ಸಿಲ್ವರ್‌ಡೋಮ್ ಕ್ರೀಡಾಂಗಣದಲ್ಲಿ ತುಂಬಿದ ಸಭೆಯ ಮುಂದೆ ಇದೇ ಆಟ ನಡೆದು, ಜನ ಹುಚ್ಚೆದ್ದು ಕೂಗಿದರು. ಇಂದು ಇಂಥ ವಾಹನದ ಒಂದೊಂದು ಚಕ್ರವೂ 66 ಅಂಗುಲ ಎತ್ತರ. ಅಂದರೆ ಸರಿಯಾಗಿ ನನ್ನಷ್ಟು. ತೂಕ ಸುಮಾರು 5,400 ಕಿಲೋಗ್ರಾಂ.

ದೊಡ್ಡವರ ಆಟ ಬಹುಬೇಗ ಮಕ್ಕಳ ಆಟವಾಗುತ್ತದೆ. ಜಪಾನಿನ ತಾಮಿಯಾ ಕಂಪನಿ 1987ರಲ್ಲಿ ‘ಕ್ಲಾಡ್ ಬಸ್ಟರ್’ ಎಂಬ, ರೇಡಿಯೋ ಅಲೆಗಳಿಂದ ದೂರದಲ್ಲಿ ನಿಂತೇ ನಡೆಸಬಹುದಾದ ಆಟಿಕೆಯನ್ನು ಹೊರತಂದಿತು. ಹತ್ತರಲ್ಲೊಂದು ಪ್ರಮಾಣ, ಎರಡು ವಿದ್ಯುನ್ಮೋಟಾರುಗಳು, ತಿರುಗಿಸಿದಂತೆ ತಿರುಗುವ ನಾಲ್ಕು ಚಕ್ರಗಳು. ಅಂದಿನಿಂದ ಈ ಹವ್ಯಾಸ ಬೆಳೆಯುತ್ತಲೇ ಬಂದಿದೆ. ಆಟಿಕೆಯನ್ನೊಯ್ದು ಮಣ್ಣಿನ ದಿಬ್ಬದಿಂದ ಹಾರಿಸುವುದು, ಸಾಲುಗಟ್ಟಿದ ಪುಟ್ಟ ಕಾರುಗಳ ಮೇಲೆ ಇಳಿಸುವುದು, ಮನೆಮಂದಿ ಕುರ್ಚಿ ಹಾಕಿಕೊಂಡು ನೋಡುವುದು—ಇದೊಂದು ಚಿಕ್ಕ ಜಾತ್ರೆಯೇ ಸರಿ. ಅಂಥ ಒಂದು ಕೂಟ ನಮ್ಮ ಬೀದಿಯ ಹಿಂದಿನ ಬಯಲಿನಲ್ಲಿಯೂ ನಡೆಯುತ್ತಿತ್ತು. ಆದರೆ ಪ್ಲಾಸ್ಟಿಕ್ಕಿನ ಕಾರು ಜಜ್ಜುವುದಿಲ್ಲ. ತೆಳುವಾದುದು ಅದುಮಿದರೆ ಅದುಮಿಸಿಕೊಂಡು ಮರುಕ್ಷಣವೇ ಹಿಂದಿನಂತಾಗುತ್ತದೆ, ಗಡುಸಾದುದು ಚೂರಾಗುತ್ತದೆ. ನಿಜವಾದ ಕಾರಿನಂತೆ ಮಡಚಿ, ಮುದುಡಿ, ಮಲಗಿಬಿಡಬೇಕಾದರೆ ಲೋಹವೇ ಆಗಬೇಕು. ಆದುದರಿಂದಲೇ ನನಗೆ ಈ ಕರೆ.

ಮೊಮ್ಮಗ ತಂದಿದ್ದ ಸುರುಳಿ, ಇಲ್ಲಿನ ಮನೆಗಳ ಸೂರಿನ ಸಂದುಗಳಲ್ಲಿ ನೀರಿಳಿಯದಂತೆ ಹೊದಿಸುವ ಅಲ್ಯುಮಿನಿಯಂ ತಗಡು; ದಪ್ಪ ಕಾಲು ಮಿಲಿಮೀಟರು. ಪ್ರಯೋಗಕ್ಕೆಂದು ಅದರಿಂದಲೇ ಐವತ್ತು ಸೆಂಟಿಮೀಟರು ಉದ್ದದ ಒಂದು ಕಾರನ್ನು ಕಟ್ಟಿದೆವು. ಅವನ ನಾಲ್ಕು ಕಿಲೋ ತೂಕದ ಟ್ರಕ್ಕು ಅದರ ಮೇಲೆ ಹತ್ತಿತು, ನಿಂತಿತು, ಇಳಿಯಿತು. ಕಾರಿನ ತಲೆಯ ಮೇಲೆ ಹೆಬ್ಬೆರಳಿನಷ್ಟು ಗುಳಿ, ಮತ್ತೇನೂ ಇಲ್ಲ. ಹುಡುಗ ನನ್ನ ಕಡೆ ನೋಡಿದ ನೋಟದಲ್ಲಿ ಮೆಚ್ಚುಗೆಯೂ ಇತ್ತು, ದುಃಖವೂ ಇತ್ತು.

ಇದರ ಮರ್ಮವನ್ನು ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿಯೇ ಬಿಡಿಸಿಟ್ಟಿದ್ದಾನೆ. ಒಂದು ವಸ್ತುವನ್ನು ಎಲ್ಲ ದಿಕ್ಕಿನಲ್ಲಿಯೂ ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಅದರ ತೂಕ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ; ಆದರೆ ಬಲ ನೂರರಲ್ಲೊಂದು ಪಾಲಿಗೆ ಮಾತ್ರ ಇಳಿಯುತ್ತದೆ. ಇರುವೆ ತನಗಿಂತ ಹಲವು ಪಟ್ಟು ಭಾರವನ್ನು ಹೊರುವುದೂ, ಆನೆಗೆ ಕಂಬದಂಥ ಕಾಲುಗಳು ಬೇಕಾಗುವುದೂ ಇದರಿಂದಲೇ. ನಿಜವಾದ ಕಾರಿನ ಹೊರಮೈ ತಗಡು ಸುಮಾರು ಮುಕ್ಕಾಲು ಮಿಲಿಮೀಟರು ದಪ್ಪ. ಅದನ್ನು ಪ್ರಮಾಣಬದ್ಧವಾಗಿ ಹತ್ತರಲ್ಲೊಂದಕ್ಕೆ ಇಳಿಸಿ ಚಾಚೂ ತಪ್ಪದೆ ಕಟ್ಟಿದರೂ ನಮ್ಮ ಆಟಿಕೆ ಕಾರು, ತನ್ನ ಮೇಲೆ ಬೀಳುವ ಆಟಿಕೆ ಟ್ರಕ್ಕಿನ ಮಟ್ಟಿಗೆ, ಹತ್ತು ಪಟ್ಟು ಗಟ್ಟಿಯಾಗಿರುತ್ತದೆ. ಅಂದಮೇಲೆ ಅದನ್ನು ಬುದ್ಧಿಪೂರ್ವಕವಾಗಿ ಬಲಹೀನಗೊಳಿಸಬೇಕು. ಮೂವತ್ತೆರಡು ವರ್ಷ ಬಲಪಡಿಸುವುದನ್ನೇ ಕಲಿಸಿದ ಮೇಷ್ಟರಿಗೆ ಇದೆಂಥ ಪಾಠ!

ಪಾನೀಯದ ಖಾಲಿ ಡಬ್ಬಿಗಳನ್ನು ಆರಿಸಿಕೊಂಡೆವು. ಅವುಗಳ ಪಕ್ಕದ ತಗಡು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಬಿಡಿಸಿದರೆ ಇಪ್ಪತ್ತು ಸೆಂಟಿಮೀಟರು ಉದ್ದದ ಹಾಳೆ. ಆದರೆ ಅದು ಬಿರುಸಿನ ತಗಡು. ಎರಡು ಸಲ ಮಡಿಸಿದರೆ ಸೀಳುತ್ತದೆ. ಅದನ್ನು ಕಾಯಿಸಿ ಮೆದುಗೊಳಿಸಬೇಕು. ಕಬ್ಬಿಣವಾದರೆ ಕೆಂಪಗಾಗಿ ತನ್ನ ಹದವನ್ನು ತಾನೇ ಸಾರುತ್ತದೆ. ಅಲ್ಯುಮಿನಿಯಂ ಹಾಗಲ್ಲ, ಬಣ್ಣ ತೋರದೆಯೇ 660 ಡಿಗ್ರಿಯಲ್ಲಿ ಕರಗಿ ನೆಲಕ್ಕೆ ಸುರಿಯುತ್ತದೆ. ಇದಕ್ಕೆ ನಮ್ಮ ಕಸುಬಿನವರ ಹಳೆಯ ಉಪಾಯವೊಂದಿದೆ. ಲೇಪವನ್ನೆಲ್ಲ ಉಜ್ಜಿ ತೆಗೆದು, ಮೇಲೆ ಬಟ್ಟೆ ಸೋಪನ್ನು ತೆಳ್ಳಗೆ ಸವರಿ, ಬಯಲಿನಲ್ಲಿ ಮಂದವಾದ ಉರಿಗೆ ಹಿಡಿಯಬೇಕು. ಸೋಪು ಕಪ್ಪಾದ ಕೂಡಲೇ ಉರಿ ತೆಗೆಯಬೇಕು. ಆಮೇಲೆ ಆ ತಗಡು ಒದ್ದೆ ಬಟ್ಟೆಯಂತೆ ಹೇಳಿದ ಮಾತು ಕೇಳುತ್ತದೆ. ಸೋಪು ಕಪ್ಪಾಗುವುದನ್ನು ನೋಡುತ್ತ ಮೊಮ್ಮಗ ಉಸಿರು ಬಿಗಿಹಿಡಿದು ನಿಂತದ್ದು ನನಗೆ ಯಾವ ಬಿರುದಿಗಿಂತಲೂ ಹೆಚ್ಚೆನಿಸಿತು.

ಹಾಗೆಂದು ಎಲ್ಲವನ್ನೂ ಮೆದುಮಾಡುವಂತಿಲ್ಲ. ಬರಿಯ ಮೆದು ತಗಡಿನ ಕಾರು ಬಣ್ಣ ಬಳಿಯುವಾಗಲೇ ಕುಗ್ಗುತ್ತದೆ. ಬಾಗಿಲು, ಅಡಿಭಾಗಗಳಿಗೆ ಬಿರುಸಾದ ತಗಡು. ಮೇಲ್ಛಾವಣಿಗೂ ಅದನ್ನು ಹೊರುವ ಕಂಬಗಳಿಗೂ ಮೆದುವಾದುದು. ಕಂಬವನ್ನು ಮೂಲೆ ಮಡಿಸಿ ಮಾಡಿದರೆ ಸೆಟೆದು ನಿಲ್ಲುತ್ತದೆ. ಚಪ್ಪಟೆ ಪಟ್ಟಿಯಾಗಿಯೇ ಬಿಟ್ಟು ನಡುವೆ ಉಗುರಿನಿಂದ ಒಂದು ಗೆರೆ ಎಳೆದರೆ ಆ ಗೆರೆಯಲ್ಲಿಯೇ ಮಂಡಿಯೂರುತ್ತದೆ. ಅಲ್ಯುಮಿನಿಯಮ್ಮಿಗೆ ಬೆಸುಗೆ ಸುಲಭವಾಗಿ ಹಿಡಿಯದಾದ್ದರಿಂದ ಒಂದು ತುಂಡಿನಲ್ಲಿ ಸೀಳು, ಇನ್ನೊಂದರಲ್ಲಿ ನಾಲಿಗೆ ಬಿಟ್ಟು ಸಿಕ್ಕಿಸಿದೆವು. ಈ ನಾಲಿಗೆಗಳು ಗಿಡ್ಡವಾದರೆ ಟ್ರಕ್ಕು ಬಿದ್ದೊಡನೆ ಕಾರು ಜಜ್ಜುವುದಿಲ್ಲ, ಕಳಚಿಕೊಂಡು ಬೀಳುತ್ತದೆ, ನೋಡುವುದಕ್ಕೆ ಅಸಹ್ಯ. ಕಳಚುವುದು ಬೇರೆ, ಕುಗ್ಗುವುದು ಬೇರೆ. ಕುಗ್ಗುವಾಗ ಕೊನೆಯವರೆಗೂ ಒಂದಕ್ಕೊಂದು ಕೈಹಿಡಿದೇ ಇರಬೇಕು. ಐದನೆಯ ಕಾರು ಹಾಗೆ ಕುಗ್ಗಿತು. ಛಾವಣಿ ನಿಧಾನವಾಗಿ ಆಸನಗಳ ಮಟ್ಟಕ್ಕೆ ಇಳಿಯಿತು, ಬಾಗಿಲುಗಳು ಹೊರಕ್ಕುಬ್ಬಿದವು, ಒಂದು ಚೂರೂ ಕಳಚಲಿಲ್ಲ. ಹುಡುಗ ಕುಣಿದಾಡಿದನು.

ಆ ರಾತ್ರಿ ಊಟವಾದ ಮೇಲೆ ಅವನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ತಾತ, ನಿಜವಾದ ಕಾರನ್ನ ಗಟ್ಟಿ ಮಾಡ್ತಾರಲ್ವಾ? ಜಜ್ಜದೆ ಇರೋ ಹಾಗೆ?”

ನನಗೆ 1978ರ ಒಂದು ಮುಂಜಾವು ನೆನಪಿಗೆ ಬಂದಿತು. ನನ್ನ ಅಕ್ಕನ ಗಂಡ, ನನಗೆ ಸುತ್ತಿಗೆ ಹಿಡಿಯುವುದನ್ನು ಕಲಿಸಿದ ಭಾವನವರು, ಸಾಲುಮರಗಳ ರಸ್ತೆಯಲ್ಲಿ ಅಡ್ಡಬಂದ ಎತ್ತನ್ನು ತಪ್ಪಿಸಲು ಹೋಗಿ ಹುಣಸೆಮರಕ್ಕೆ ಕಾರು ಗುದ್ದಿದರು. ಅದು ಆ ಕಾಲದ ಭಾರವಾದ, ಗಟ್ಟಿ ಮೈಯ ಕಾರು. ಮುಂದಿನ ಬಂಪರು ಬಾಗಿತ್ತು, ಜಾಲರಿ ಮುರಿದಿತ್ತು, ಒಂದು ದೀಪ ಒಡೆದಿತ್ತು, ಅಷ್ಟೆ. ಸ್ಟಿಯರಿಂಗಿನ ಕಂಬ ಎದೆಗೆ ತಗಲಿ ಭಾವನವರು ಅಲ್ಲಿಯೇ ತೀರಿಕೊಂಡಿದ್ದರು. ನೋಡಬಂದವರೆಲ್ಲ ಕಾರಿನ ಸುತ್ತ ತಿರುಗಿ, “ಎಂಥಾ ಗಟ್ಟಿ ಗಾಡಿ! ಏನೂ ಆಗಿಲ್ಲ ನೋಡಿ!” ಎಂದು ತಲೆದೂಗಿದರು. ಆ ಬಂಪರನ್ನು ನೆಟ್ಟಗೆ ಮಾಡಿದವನು ನಾನೇ. ಎರಡು ದಿನದ ಕೆಲಸ. ಕಾರು ಆಮೇಲೆ ಹನ್ನೊಂದು ವರ್ಷ ಓಡಿತು. ಅಕ್ಕ ಅದರೊಳಗೆ ಒಮ್ಮೆಯೂ ಕೂರಲಿಲ್ಲ.

ಏನೂ ಆಗದ ಕಾರಿನಲ್ಲಿ ಆಗಬೇಕಾದುದೆಲ್ಲ ಒಳಗಿದ್ದ ಮನುಷ್ಯನಿಗೆ ಆಗಿತ್ತು. ಹೊಡೆತವೆಂಬುದು ಎಲ್ಲಿಗಾದರೂ ಹೋಗಲೇಬೇಕು. ತಗಡು ಅದನ್ನು ಉಣ್ಣದಿದ್ದರೆ ಎಲುಬು ಉಣ್ಣಬೇಕು. ಇದನ್ನು ಬೇಲಾ ಬಾರೆನ್ಯಿ ಎಂಬ ಎಂಜಿನಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದನು. ಮುಂದಿನ ಹಾಗೂ ಹಿಂದಿನ ಭಾಗಗಳು ಮುದುಡಿ ಪೆಟ್ಟನ್ನು ನುಂಗಬೇಕು, ನಡುವಣ ಕೋಣೆ ಮಾತ್ರ ಅಲುಗದೆ ನಿಲ್ಲಬೇಕು ಎಂಬ ಅವನ ಕಲ್ಪನೆಗೆ 1952ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ದೊರೆಯಿತು. 1959ರಲ್ಲಿ ಮರ್ಸಿಡಿಸ್ ಕಾರುಗಳಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಅಮೆರಿಕದಲ್ಲಿ 1968ರಿಂದ, ಗುದ್ದಿದಾಗ ಎದೆಗೆ ಇರಿಯದೆ ತಾನೇ ಕುಗ್ಗುವ ಸ್ಟಿಯರಿಂಗ್ ಕಂಬ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಇವನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಕರಿಹಲಗೆಯ ಮೇಲೆ ಬರೆದೂ ಇದ್ದೆ. ಆದರೆ ಉಗುರಿನಿಂದ ಗೆರೆಯೆಳೆದ ಕಂಬ ಆ ಗೆರೆಯಲ್ಲಿಯೇ ಮಂಡಿಯೂರಿದುದನ್ನು ಕಣ್ಣಾರೆ ಕಂಡಮೇಲೆ ಅದು ಕೈಗೆ ತಿಳಿಯಿತು. ಕೈಗೆ ತಿಳಿಯುವುದಕ್ಕೂ ತಲೆಗೆ ತಿಳಿಯುವುದಕ್ಕೂ ಅಂತರವಿದೆಯೆಂಬುದನ್ನು ಕಸುಬುದಾರರು ಬಲ್ಲರು.

ಇದಿಷ್ಟನ್ನೂ ಹುಡುಗನಿಗೆ ಕನ್ನಡದಲ್ಲಿಯೇ ಹೇಳಿದೆ. ಬೇರೆ ಭಾಷೆಯಲ್ಲಿ ಹೇಳಲು ನನಗೆ ಬಾರದು. ಅವನು ಒಂದು ಮಾತನ್ನೂ ಆಡದೆ ಕೇಳಿದನು. ಎಷ್ಟು ಅರ್ಥವಾಯಿತೋ ಎಂದುಕೊಂಡು ಮಲಗಿದೆ.

ಮುಂದಿನ ಶನಿವಾರ ಪ್ರದರ್ಶನ. ಬಯಲಿನಲ್ಲಿ ನಮ್ಮ ಆರು ಕಾರುಗಳು ಸಾಲಾಗಿ ನಿಂತವು. ಏಳನೆಯದೊಂದನ್ನು ಹುಡುಗ ಕೊನೆಯಲ್ಲಿ ತಂದಿಟ್ಟನು. ಅದನ್ನು ಅವನೊಬ್ಬನೇ, ನನಗೆ ತೋರದೆ, ಕಟ್ಟಿದ್ದನು. ಟ್ರಕ್ಕುಗಳು ಒಂದರ ಹಿಂದೊಂದು ಹಾರಿ ಬಂದವು. ಆರು ಕಾರುಗಳೂ ಮರ್ಯಾದೆಯಿಂದ ಮಡಚಿ ಮಲಗಿದವು, ಚಪ್ಪಾಳೆಯೋ ಚಪ್ಪಾಳೆ. ಏಳನೆಯದರ ಮೇಲೆ ಟ್ರಕ್ಕು ಏರಿದಾಗ ಮುಂಭಾಗ ಅಪ್ಪಳಿಸಿಹೋಯಿತು, ಹಿಂಭಾಗ ಅಪ್ಪಳಿಸಿಹೋಯಿತು. ನಡುವಿನ ಛಾವಣಿ ಮಾತ್ರ ಒಂದಿಷ್ಟು ನಗ್ಗಿ ಹಾಗೆಯೇ ನಿಂತಿತು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಕಂಬಗಳನ್ನೆಲ್ಲ ಮೂಲೆ ಮಡಿಸಿ ಮಾಡಿದ್ದನು. ಒಳಗೆ ಸ್ಟಿಯರಿಂಗಿನ ಹಿಂದೆ ಜೇಡಿಮಣ್ಣಿನದೊಂದು ಪುಟ್ಟ ಗೊಂಬೆ ನೆಟ್ಟಗೆ ಕುಳಿತಿತ್ತು.

ನೆರೆದ ಮಕ್ಕಳು “ಜಜ್ಜಲೇ ಇಲ್ಲ!” ಎಂದು ಒಕ್ಕೊರಲಿನಿಂದ ಬೇಸರಪಟ್ಟುಕೊಂಡರು. ಚಪ್ಪಾಳೆ ತಟ್ಟಿದವನು ಆ ಬಯಲಿನಲ್ಲೆಲ್ಲ ನಾನೊಬ್ಬನೇ.