ತೊಂಬತ್ತರಲ್ಲಿ ಉಳಿದದ್ದು

ಸಂಜೆಯ ಚಹಾದ ಗಿರಾಕಿಗಳು ಕರಗಿದೊಡನೆ ಆ ಹುಡುಗ ಕೈ ಒರೆಸಿಕೊಂಡು ಫೋರ್ಟಿನ ರಾತ್ರಿ ಶಾಲೆಗೆ ಓಡುತ್ತಿದ್ದ. 1908ರಲ್ಲಿ ಮೊಗವೀರರು ಮುಂಬಯಿಯಲ್ಲಿ ಉಚಿತ ರಾತ್ರಿ ಶಾಲೆ ತೆರೆದಂದಿನಿಂದ ಉಡುಪಿ, ಕುಂದಾಪುರದ ಕಡೆಯ ಎಷ್ಟೋ ಹೋಟೆಲ್ ಹುಡುಗರು ಹೀಗೆಯೇ ಓದಿದವರು. ಹಗಲು ಧಣಿಯದು, ರಾತ್ರಿಯ ಎರಡು ಮೂರು ತಾಸು ಮಾತ್ರ ತಮ್ಮದು.

ಎಸ್ಸೆಸ್ಸಿಯಲ್ಲಿ ಗಣಿತ ಅವನಿಗೆ ಒಮ್ಮೆ ಕೈಕೊಟ್ಟಿತ್ತು. ಇನ್ನೊಮ್ಮೆ ಹೋದರೆ ಓದು ಸಾಕು ಎಂದು ಊರಿಂದ ಅಣ್ಣ ಬರೆದಿದ್ದ. ಲೋಟ ತೊಳೆಯುತ್ತ ತ್ರಿಕೋನಮಿತಿಯ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದ. ಆದರೆ ಒಂದು ಲೆಕ್ಕ ಅಲುಗಲೇ ಇಲ್ಲ: ತ್ರಿಭುಜದ ಕೋನಗಳು ಎ, ಬಿ, ಸಿ. ಎ ಮತ್ತು ಬಿ ಕೂಡಿಸಿ ಅರ್ಧ ಮಾಡಿದ ಕೋನದ ಸೈನ್, ಸಿಯ ಅರ್ಧದ ಕೊಸೈನಿಗೆ ಸಮ ಎಂದು ತೋರಿಸಿ.

ಮಾಷ್ಟ್ರು ಹಗಲಲ್ಲಿ ಬ್ಯಾಂಕಿನ ಗುಮಾಸ್ತರು. ‘ಬಿಲ್ಲು ಆರೂವರೆ, ಗಿರಾಕಿ ಹತ್ತರ ನೋಟು ಕೊಟ್ಟ. ವಾಪಸು ಎಷ್ಟು?’

‘ಮೂರೂವರೆ.’

‘ಅದಕ್ಕೆ ಸೂತ್ರ ಉಂಟಾ?’

‘ಉಳಿದದ್ದು ಅಷ್ಟೇ ಅಲ್ವಾ ಸರ್.’

‘ಇಲ್ಲಿಯೂ ಅಷ್ಟೇ ಮಾರಾಯ. ನೋಟು ಮಾತ್ರ ತೊಂಬತ್ತರದ್ದು.’

ಮೂರು ಕೋನ ಕೂಡಿದರೆ 180 ಡಿಗ್ರಿ. ಎಲ್ಲವನ್ನೂ ಅರ್ಧ ಮಾಡಿದರೆ ಮೊತ್ತ 90. ಅದರಲ್ಲಿ ಎ, ಬಿಗಳ ಅರ್ಧ ಕಳೆದರೆ ಉಳಿಯುವುದು ಸಿಯ ಅರ್ಧ. ಕೋನಗಳು 50, 60, 70 ಎಂದಿಟ್ಟುಕೊಂಡರೆ ಒಂದು ಕಡೆ 55, ಇನ್ನೊಂದು ಕಡೆ 35. ಲಂಬಕೋನ ತ್ರಿಭುಜದಲ್ಲಿ 55ರ ಎದುರಿನ ಬಾಹುವೇ 35ರ ಪಕ್ಕದ ಬಾಹು. ಹಾಗಾಗಿ ಒಂದರ ಸೈನ್ ಇನ್ನೊಂದರ ಕೊಸೈನ್.

ಇದು ಹೆಸರಿನಲ್ಲೇ ಇದೆ ಎಂದರು ಮಾಷ್ಟ್ರು. ಕೊಸೈನಿನ ‘ಕೊ’ ಲ್ಯಾಟಿನ್ನಿನ ‘ಪೂರಕ’ ಎಂಬರ್ಥದ ಮಾತಿನ ತುಂಡು. ಕೊಸೈನ್ ಎಂದರೆ ಪೂರಕ ಕೋನದ ಸೈನ್. ನಮ್ಮ ಹಿಂದಿನವರಿಗೂ ಅದು ಬೇರೆಯಾಗಿರಲಿಲ್ಲ: ಒಂದು ಜ್ಯಾ, ಇನ್ನೊಂದು ಕೋಟಿಜ್ಯಾ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಎರಡು ಕೋನಗಳ ಮೊತ್ತದ ಜ್ಯಾ ಕಂಡುಕೊಳ್ಳುವ ನಿಯಮವನ್ನೂ ಕೊಟ್ಟಿದ್ದಾರೆ.

ಆ ರಾತ್ರಿ ಹುಡುಗ ತನ್ನ ಪಟ್ಟಿಯಲ್ಲಿ ಟ್ಯಾನ್–ಕಾಟ್, ಸೆಕ್–ಕೊಸೆಕ್ ಜೋಡಿಗಳನ್ನೂ ಹೊಡೆದುಹಾಕಿದ. ಬಾಯಿಪಾಠ ಮಾಡಬೇಕಾದ್ದು ಅರ್ಧಕ್ಕರ್ಧ ಕಡಿಮೆಯಾಯಿತು.

ಅಕ್ಟೋಬರಿನಲ್ಲಿ ಪಾಸಾದ, ಅಂಕ ಹೆಚ್ಚೇನಿಲ್ಲ. ಧಣಿ ಅವನನ್ನು ಟೇಬಲಿನಿಂದ ಗಲ್ಲೆಗೆ ಕೂರಿಸಿದರು. ರಾತ್ರಿ ಶಾಲೆಯನ್ನು ಮಾತ್ರ ಅವನು ಬಿಡಲಿಲ್ಲ. ಹೊಸದಾಗಿ ಬಂದ ಹುಡುಗರು ಸೂತ್ರ ಕೇಳಿದರೆ, ಮೊದಲು ಚಿಲ್ಲರೆ ಎಣಿಸಲು ಹೇಳುತ್ತಿದ್ದ.